ಈ ಮಾತ್ರೆ ಬಿಡಿಸಬೇಡಿ, ಡಾಕ್ಟ್ರೇ

ಕಾರು ಕಲಿಸುವುದು ನನ್ನ ಕಸುಬು. ಕುಂದಾಪುರ ಪೇಟೆಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರ ಪಾಲಿಗೆ ಇರುವವಳು ನಾನೊಬ್ಬಳೇ. ಮೀನು ಮಾರುವವರು, ಹೋಟೆಲ್ ಮನೆತನದ ಸೊಸೆಯಂದಿರು, ಅಂಗನವಾಡಿ ಟೀಚರುಗಳು, ರಿಟೈರಾದ ಮೇಲೆ ಹುರುಪು ಬಂದ ಬ್ಯಾಂಕಿನವರು, ಎಲ್ಲರೂ ನನ್ನ ಬಲಕ್ಕೆ ಕೂತು ಸ್ಟೇರಿಂಗ್ ಹಿಡಿದು ಬೆವರಿದವರೇ. ಕಲಿಸುವ ಕಾರಿನಲ್ಲಿ ನನ್ನ ಕಾಲಡಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಎದುರಿಗೆ ದನ ಬಂತೆಂದು ಕಲಿಯುವವರು ಕಣ್ಣು ಮುಚ್ಚಿಕೊಂಡರೆ ನಾನು ಒತ್ತಬೇಕು. ಆ ಎರಡು ಪೆಡಲುಗಳನ್ನು ಬೇಕೆಂದಾಗ ಒತ್ತುವ ಶಕ್ತಿ ಕಾಲಿಗೆ ಇರುವ ತನಕ ನನ್ನ ಕೆಲಸ. ಅದಿಲ್ಲದಿದ್ದರೆ ನಾನು ಬರೀ ಪಕ್ಕದ ಸೀಟಿನ ಪ್ಯಾಸೆಂಜರು.

ಈ ಕಾಲಿನ ವಿಷಯವೇ ನನ್ನ ಕತೆ. ಮೈನೆರೆದ ವರ್ಷದಿಂದಲೂ ತಿಂಗಳಿಗೆ ಐದು ದಿನ ನನ್ನ ಕಿಬ್ಬೊಟ್ಟೆಯಲ್ಲಿ ಎದ್ದ ನೋವು ಸೊಂಟಕ್ಕೆ ಹಬ್ಬಿ ಬಲತೊಡೆಯೊಳಗೆ ಇಳಿದು ಮೊಣಕಾಲಿನಲ್ಲಿ ಬಂದು ಕೂರುತ್ತಿತ್ತು. ಬೈಂದೂರಿನ ನನ್ನ ತೌರಿನಲ್ಲಿ ಅದಕ್ಕೆ ಮೆಂತೆ ಗಂಜಿ, ಜೀರಿಗೆ ಕಷಾಯ, ಬೋರಲು ಮಲಗುವುದು. ಹಿರಿಯರು ಬಯ್ದವರಲ್ಲ, ಪ್ರೀತಿಯಿಂದಲೇ ಹೇಳಿದರು, ಮದುವೆಯಾದ ಮೇಲೆ ಸರಿಯಾಗುತ್ತದೆ ಎಂದು. ಮದುವೆಯಾಯಿತು. ಒಂದು ಹೆತ್ತ ಮೇಲೆ ಸರಿಯಾಗುತ್ತದೆ ಎಂದರು. ಎರಡು ಹೆತ್ತೆ. ಆಮೇಲೆ ಹೇಳಲು ಅವರ ಬಳಿ ಏನೂ ಉಳಿಯಲಿಲ್ಲ. ನೋವು ಮಾತ್ರ ವರ್ಷದಿಂದ ವರ್ಷಕ್ಕೆ ಐದು ದಿನದಿಂದ ಏಳಾಯಿತು, ಏಳರಿಂದ ಹತ್ತಾಯಿತು.

ಕೊನೆಗೊಂದು ದಿನ ನಮ್ಮ ಮನೆಯವರು ನನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಬ್ರಹ್ಮಾವರದ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದರು. ವಯಸ್ಸಾದ ಡಾಕ್ಟರು. ಕೇಳಿದ ಪ್ರಶ್ನೆಗೆ ಉತ್ತರ ಪೂರ್ತಿಯಾಗುವ ತನಕ ಪೆನ್ನು ಎತ್ತುತ್ತಿರಲಿಲ್ಲ. ಎಲ್ಲಿ ನೋವು, ಯಾವಾಗ ಶುರು, ಯಾವ ಕಾಲು, ಕೂತರೆ ಹೇಗೆ, ನಿಂತರೆ ಹೇಗೆ. ಅಷ್ಟು ವರ್ಷಗಳಲ್ಲಿ ‘ಯಾವ ಕಾಲು’ ಎಂದು ಕೇಳಿದವರು ಅವರೊಬ್ಬರೇ. ಸ್ಕ್ಯಾನ್ ನೋಡಿ, ಗರ್ಭಕೋಶದ ಒಳಪದರದಂಥದ್ದೇ ಒಂದು ಪದರ ಹೊರಗೆಲ್ಲೋ ಬೆಳೆದಿದೆ, ತಿಂಗಳು ತಿಂಗಳು ಅದೂ ರಕ್ತ ಸುರಿಸುತ್ತದೆ, ಆ ರಕ್ತಕ್ಕೆ ಹೊರಗೆ ಹೋಗಲು ದಾರಿಯಿಲ್ಲ, ಅದಕ್ಕೇ ನೋವು ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನನ್ನ ನೋವಿಗೊಂದು ಆಕಾರವಿದೆ ಎಂದು ಗೊತ್ತಾಗಿಯೇ ನನಗೆ ಅರ್ಧ ಜೀವ ಬಂದಿತ್ತು.

ಅವರು ಬರೆದುಕೊಟ್ಟದ್ದು ಹಾರ್ಮೋನಿನ ಮಾತ್ರೆ. ದಿನಕ್ಕೊಂದು, ಒಂದೇ ಹೊತ್ತಿಗೆ, ಒಂದು ದಿನವೂ ತಪ್ಪದೆ. ಮೊದಲ ಮೂರು ತಿಂಗಳು ಅಷ್ಟಿಷ್ಟು ರಕ್ತ ಕಾಣಿಸಿಕೊಂಡು ನನ್ನ ತಾಳ್ಮೆ ಪರೀಕ್ಷೆ ಮಾಡಿತು. ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಕಲಿಯುವವರೊಬ್ಬರಿಗೆ ರಿವರ್ಸ್ ಹೇಳಿಕೊಡುತ್ತಿದ್ದಾಗ ನೆನಪಾಯಿತು, ನನ್ನ ತಾರೀಕು ದಾಟಿ ಹದಿನೈದು ದಿನವಾಗಿದೆ. ಮುಟ್ಟಿಲ್ಲ, ನೋವೂ ಇಲ್ಲ. ಕಾಲಡಿಯ ಬ್ರೇಕನ್ನು ಸುಮ್ಮನೆ ಒಮ್ಮೆ ಒತ್ತಿ ನೋಡಿದೆ. ಕಾರು ಗಕ್ಕನೆ ನಿಂತಿತು. ಪಾಪ, ಕಲಿಯುವ ಹೆಂಗಸು ತಾನೇನೋ ತಪ್ಪು ಮಾಡಿದೆನೆಂದು ಬೆದರಿ, “ಎಂತಾಯ್ತ್ ಮೇಡಂ, ನಾಯಿ ಬಂತಾ?” ಎಂದು ಕೇಳಿದರು. ಏನಿಲ್ಲ, ಖುಷಿಗೆ ಒತ್ತಿದ್ದು ಎಂದು ಹೇಳುವುದು ಹೇಗೆ?

ಹಾಗೆ ಆರು ವರ್ಷ. ಡಾಕ್ಟರದ್ದು ಒಂದು ಕ್ರಮವಿತ್ತು. ಮೂರು ತಿಂಗಳಿಗೆ ಹತ್ತು ಹತ್ತರ ಒಂಬತ್ತು ಶೀಟು ಮಾತ್ರೆ ಬರೆಯುವುದು, ಮುಂದಿನ ಸಲ ಹೋಗುವಾಗ ಒಂಬತ್ತು ಖಾಲಿ ಶೀಟನ್ನು ಕೊಂಡುಹೋಗಿ ಅವರ ಮೇಜಿನ ಮೇಲೆ ಇಡುವುದು. ರಬ್ಬರ್ ಬ್ಯಾಂಡ್ ಹಾಕಿದ ಆ ಖಾಲಿ ಶೀಟುಗಳನ್ನು ಅವರು ಒಂದೊಂದಾಗಿ ತಿರುಗಿಸಿ ನೋಡಿ, “ಭೇಷ್” ಎನ್ನುತ್ತಿದ್ದರು. ಶಾಲೆಯಲ್ಲಿ ಯಾವತ್ತೂ ಸಿಗದ ಭೇಷ್ ನನಗೆ ನಲವತ್ತರ ಹತ್ತಿರ ಸಿಕ್ಕಿತು.

ನಮ್ಮ ಕಡೆಯ ಹೆಂಗಸರಿಗೆ ಇನ್ನೊಂದು ಮಾತ್ರೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಪೂಜೆ ಇದ್ದರೆ, ನಾಗನಿಗೆ ತಂಬಿಲದ ಸೇವೆಯಿದ್ದರೆ, ಮದುವೆಯಿದ್ದರೆ, ಮುಟ್ಟನ್ನು ನಾಲ್ಕು ದಿನ ಮುಂದೆ ಹಾಕಲು ತೆಗೆದುಕೊಳ್ಳುವ ಮಾತ್ರೆ. ಅದರ ಹೆಸರು ಯಾರಿಗೂ ಬೇಡ, ‘ಮುಂದೆ ಹಾಕುವ ಮಾತ್ರೆ’ ಎಂದರೆ ಸಾಕು. ನಾನು ದಿನಾ ಮಾತ್ರೆ ತಿನ್ನುತ್ತೇನೆ, ನನಗೆ ಮುಟ್ಟೇ ಇಲ್ಲ ಎಂಬ ಸುದ್ದಿ ಬಂಧುಬಳಗಕ್ಕೆ ಹಬ್ಬಿದ ಮೇಲೆ ಅವರೆಲ್ಲ ಎರಡನ್ನೂ ಒಂದೇ ಮಾಡಿಬಿಟ್ಟರು. ನನ್ನದು ಅದರ ಅಪ್ಪನಂಥ ಮಾತ್ರೆ, ಇನ್ನೂ ಗಟ್ಟಿ ಎಂದು ಲೆಕ್ಕ ಹಾಕಿದರು.

ಹೋದ ವರ್ಷ ನಮ್ಮ ಮನೆಯವರ ಅಕ್ಕ ಬೈಂದೂರಿನಲ್ಲಿ ಹೊಸ ಮನೆ ಕಟ್ಟಿಸಿದರು. ಒಕ್ಕಲಿಗೆ, ಎಂದರೆ ಗೃಹಪ್ರವೇಶಕ್ಕೆ, ಎರಡು ದಿನ ಮೊದಲೇ ನಾವೆಲ್ಲ ಅಲ್ಲಿ ಸೇರಿದ್ದೆವು. ಮುಂಬೈಯಿಂದ ಅವರ ಇಬ್ಬರು ಹೆಣ್ಣುಮಕ್ಕಳು ಬಂದಿದ್ದರು, ಸೊಸೆಯೂ ಇದ್ದಳು. ಮೂವರದೂ ತಾರೀಕು ಒಕ್ಕಲಿನ ಆಸುಪಾಸಿನಲ್ಲೇ. ಮುಂದೆ ಹಾಕುವ ಮಾತ್ರೆ ತರಿಸಿಡಲು ಅತ್ತಿಗೆಗೆ ಟೈಲ್ಸಿನ ಗಡಿಬಿಡಿಯಲ್ಲಿ ಮರೆತುಹೋಗಿತ್ತು. ನನ್ನ ಬ್ಯಾಗಿನಲ್ಲಿ ಅದೇ ವಾರ ತಂದ ಮಾತ್ರೆಗಳು ಇದ್ದವು.

“ಹೆಣೆ, ನಿನ್ ಹತ್ರ ಇತ್ತಲ್ದಾ?” ಎಂದರು ಅತ್ತಿಗೆ.

“ಅದ್ ಬೇರೆ ಮಾತ್ರೆ ಅತ್ಗಿ. ಅದ್ಕೂ ಇದ್ಕೂ ಸಂಬಂಧ ಇಲ್ಲೆ.”

“ಮುಟ್ಟ್ ನಿಲ್ಲತ್ತಾ ಇಲ್ಯಾ, ಅದನ್ನ್ ಹೇಳ್.”

“ನಿಲ್ಲತ್ತ್. ಆರೆ...”

“ನಿಂತ್ರೆ ಸೈ.”

ಇನ್ನೂ ವಾದ ಮಾಡುತ್ತಿದ್ದೆನೇನೋ. ಆಗ ನನ್ನ ಅತ್ತೆ, ಎಂದರೆ ಈ ಅತ್ತಿಗೆಯ ಅಮ್ಮ, ತೆಂಗಿನಕಾಯಿ ಸುಲಿಯುತ್ತ ಕೂತವರು ತಲೆ ಎತ್ತಿದರು. ಅವರಿಗೆ ಎಪ್ಪತ್ತೆರಡು. ಬೀಜಾಡಿಯ ನಮ್ಮ ಮನೆಯಲ್ಲಿ ಅವರ ಮಾತಿಗೆ ಎದುರಾಡುವವರು ಕಮ್ಮಿ. ಹೆದರಿ ಅಲ್ಲ, ಅವರು ಅಪರೂಪಕ್ಕೆ ಬಾಯಿ ಹಾಕುವವರು ಎಂದು.

“ಕೊಡ್ ಮಗಾ. ಶುಭದ್ ಕೆಲ್ಸ. ನಾಕ್ ಮಾತ್ರೆ ಕೊಟ್ರೆ ನಿಂದ್ ಎಂತ ಹೋತ್ತ್?”

ಕೊಟ್ಟೆ. ನಾಲ್ಕು ಮಾತ್ರೆ ಅಲ್ಲ, ಮೂರು ಶೀಟು. ಒಬ್ಬೊಬ್ಬರಿಗೆ ಒಂದೊಂದು, ಹರಿದು ಹಂಚುವುದು ಬೇಡ ಎಂದು ಅತ್ತಿಗೆಯೇ ಇಡಿಯಾಗಿ ತೆಗೆದುಕೊಂಡರು, ಬೆಲ್ಲದ ಅಚ್ಚು ತೆಗೆದುಕೊಂಡ ಹಾಗೆ.

ಒಕ್ಕಲಿನ ಬೆಳಿಗ್ಗೆ ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವ ಹೊತ್ತು. ಪಾತ್ರೆಯ ಮುಂದೆ ನಿಂತದ್ದು ಮುಂಬೈಯ ದೊಡ್ಡ ಮಗಳು. ಭಟ್ಟರು ಮಂತ್ರ ಹೇಳುತ್ತಿದ್ದಾರೆ, ಹಾಲು ಅಂಚಿಗೆ ಬರುತ್ತಿದೆ, ಹುಡುಗಿ ನನ್ನ ಕಿವಿಯ ಹತ್ತಿರ ಬಗ್ಗಿ, “ಮಾಮಿ, ಆಗೇ ಹೋಯ್ತ್” ಎಂದಳು. ನನ್ನ ಮುಖ ನೋಡಿ ಅತ್ತಿಗೆಗೆ ಗೊತ್ತಾಯಿತು. ಪಿಸುದನಿಯಲ್ಲೇ ನನ್ನ ಮೇಲೆ ಏರಿ ಬಂದರು.

“ನಿನ್ ಮಾತ್ರೆ ಎಂತ ಡುಪ್ಲಿಕೇಟಾ ಮಾರಾಯ್ತಿ?”

“ನಾ ಆಗ್ಳೇ ಹೇಳ್ದೆ ಅಲ್ದಾ ಅತ್ಗಿ, ಅದ್ ಬೇರೆ ಅಂದೇಳಿ?”

“ಸರಿ ಹೇಳಿದ್ದಿಲ್ಲೆ ನೀ!”

ಹುಡುಗಿ ಹಿಂದೆ ಸರಿಯಲು ಹೊರಟಳು. ಅತ್ತೆ ಅವಳ ಮೊಣಕೈ ಹಿಡಿದು ಅಲ್ಲೇ ನಿಲ್ಲಿಸಿದರು. “ಹಾಲ್ ಉಕ್ಕೂಕ್ ಬಂತ್. ಈಗ ಎಂತ ಪಂಚಾತಿಗೆ? ನಿಲ್ಲ್ ಸುಮ್ನೆ.” ಹಾಲು ಉಕ್ಕಿತು. ಮೂಡು ದಿಕ್ಕಿಗೇ ಉಕ್ಕಿತು ಎಂದು ಭಟ್ಟರೂ ಸಂತೋಷಪಟ್ಟರು. ಆ ಮನೆಯಲ್ಲಿ ಇವತ್ತಿಗೂ ಎಲ್ಲರೂ ಸುಖವಾಗಿದ್ದಾರೆ.

ಸುಖ ತಪ್ಪಿದ್ದು ನನಗೆ. ಉಳಿದ ಮಾತ್ರೆಗಳನ್ನು ಯಾರೂ ವಾಪಸು ಕೊಡಲಿಲ್ಲ, ಬೈಸಿಕೊಂಡ ಮೇಲೆ ನಾನೂ ಕೇಳಲಿಲ್ಲ. ಮೂರು ಶೀಟು ಕಮ್ಮಿಯಾದ್ದರಿಂದ ನನ್ನ ಮಾತ್ರೆ ಒಂದು ತಿಂಗಳು ಮೊದಲೇ ಮುಗಿಯಿತು. ಮುಗಿದಾಗ ತಂದರಾಯಿತು ಎಂದಿದ್ದೆ. ಮೆಡಿಕಲ್ಲಿನವರು, ಆ ಮಾತ್ರೆ ಸ್ಟಾಕ್ ಇಲ್ಲ, ಹೇಳಿದ್ದೇವೆ, ನಾಳೆ ಬರುತ್ತದೆ ಎಂದರು. ನಾಳೆ ಎಂದದ್ದು ಹನ್ನೆರಡು ದಿನವಾಯಿತು. ಉಡುಪಿಯಲ್ಲೋ ಮಣಿಪಾಲದಲ್ಲೋ ಹುಡುಕಬಹುದಿತ್ತು. ಆರು ವರ್ಷ ನೋವಿಲ್ಲದೆ ಇದ್ದವಳಿಗೆ ನೋವು ಹೇಗಿತ್ತೆಂಬುದೇ ಮರೆತಿತ್ತು. ಹತ್ತು ದಿನಕ್ಕೆ ಏನಾದೀತು ಎಂಬ ಧೈರ್ಯ.

ಒಂಬತ್ತನೆಯ ದಿನ ಕೋಟೇಶ್ವರದ ಹತ್ತಿರ ಹೈವೇಯ ಸರ್ವಿಸ್ ರಸ್ತೆಯಲ್ಲಿ ಪಾಠ ನಡೆಯುತ್ತಿತ್ತು. ಕಲಿಯುತ್ತಿದ್ದವರು ಮೀನು ಮಾರುವ ಒಬ್ಬ ಅಕ್ಕ. ಐವತ್ತು ದಾಟಿದವರು. ಟೆಂಪೋದವನ ಕಾಟ ಸಾಕಾಗಿ, ತನ್ನದೇ ಒಂದು ಗಾಡಿ ಮಾಡಿ ಹಂಗಾರಕಟ್ಟೆಯಿಂದ ಮೀನು ತಾನೇ ತರುತ್ತೇನೆಂದು ಹಟ ತೊಟ್ಟವರು. ಬೆಳಿಗ್ಗೆಯಿಂದ ನನಗೆ ಸೊಂಟ ಹಿಡಿದ ಹಾಗಿತ್ತು. ಇದ್ದಕ್ಕಿದ್ದಂತೆ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಕಣ್ಣು ಕತ್ತಲೆ. ಎದುರಿಗೆ ಅಡ್ಡ ಬಂದ ಸ್ಕೂಟರಿಗೆ ಬ್ರೇಕು ಒತ್ತಬೇಕು ಎಂದು ತಲೆ ಹೇಳುತ್ತಿದೆ, ಕಾಲು ಏಳುತ್ತಿಲ್ಲ.

ಅಕ್ಕ ತಾನೇ ಒತ್ತಿದರು. ಕಾರು ನಿಂತಿತು. ಸ್ಕೂಟರಿನವನು ಬೈದು ಹೋದ. ಇವರು ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಕಾರನ್ನು ಬದಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದರು. ಇಪ್ಪತ್ತು ದಿನದಿಂದ ನಾನು ಹೇಳಿ ಸೋತದ್ದನ್ನೆಲ್ಲ ಒಂದೇ ಸಲಕ್ಕೆ ಸರಿಯಾಗಿ ಮಾಡಿದರು.

“ಹ್ವಾಯ್ ಟೀಚರೆ, ಎಂತಾಯ್ತ್? ಮುಖ ಎಲ್ಲ ಬಿಳ್ಚಿ ಹೋಯ್ತಲೆ!”

“ಹೊಟ್ಟಿ... ಮುಟ್ಟಿನ್ ನೋವ್ ಅಕ್ಕ. ಮಾತ್ರೆ ತಪ್ಪಿತ್.”

“ಅಯ್ಯೋ ದೇವ್ರೆ. ಮನಿ ಎಲ್ಲಿ, ಬೀಜಾಡ್ಯಾ? ನಾ ಬಿಡ್ತೆ. ನೀವ್ ಬಾಯಲ್ ಹೇಳಿ, ಸಾಕ್. ಕಾಲ್ ಹಂದುಸ್ಬೇಡಿ.”

ಸೆಕೆಂಡ್ ಗೇರಿನಲ್ಲೇ, ಹಿಂದಿನಿಂದ ಬಂದವರೆಲ್ಲ ಹಾರನ್ ಹಾಕುತ್ತಿದ್ದರೂ ಲೆಕ್ಕಕ್ಕಿಡದೆ ಅವರು ನನ್ನನ್ನು ಮನೆಯ ಅಂಗಳದ ತನಕ ತಂದು ಬಿಟ್ಟರು. ಮಧ್ಯೆ ಮಧ್ಯೆ, “ಈಗ ಎಡ್ಕಾ ಬಲ್ಕಾ?” ಎಂದು ಕೇಳುವುದು. ಉತ್ತರ ಹೇಳಲು ಆಗದೆ ನಾನು ಕೈ ಮಾತ್ರ ಆಡಿಸುವುದು. ಅತ್ತೆ ಜಗಲಿಯಲ್ಲಿ ಇದ್ದವರು ಓಡಿ ಬಂದರು. ಅಕ್ಕ ಅವರಿಗೆ ನನ್ನನ್ನು ಒಪ್ಪಿಸಿ, “ಕಾರ್ ಇಲ್ಲೇ ಇರ್ಲಿ ಅಮ್ಮ, ನಾ ಬಸ್ಸಿಗ್ ಹೋತೆ. ಒಬ್ಳೇ ಬಿಟ್ಟ್ರೆ ಪೋಲೀಸ್ರ್ ಹಿಡಿತ್ರ್” ಎಂದು ಹೋದರು.

ಆ ಮೂರು ದಿನ ಅತ್ತೆ ನನ್ನ ಬಳಿಯೇ ಇದ್ದರು. ಹಿಂದೆಲ್ಲ ಅವರದು ಒಂದೇ ಮಾತು: “ತೆಗ್ಸಿ ಬಿಡ್. ನಾನ್ ತೆಗ್ಸಲಿಲ್ಯಾ?” ಅವರ ಗರ್ಭಕೋಶವನ್ನು ಮೂವತ್ತೆಂಟನೆಯ ವಯಸ್ಸಿನಲ್ಲೇ ತೆಗೆದಿದ್ದರು. ಆ ಕಾಲದಲ್ಲಿ ಹಾಗೆ, ರಕ್ತ ಜಾಸ್ತಿ ಹೋದರೆ ತೆಗೆಯುವುದು. ಈ ಸಲ ಮಾತ್ರ ಅವರು ಆ ಮಾತು ಆಡಲಿಲ್ಲ. ಬಿಸಿನೀರಿನ ಚೀಲ ತಣ್ಣಗಾದಾಗಲೆಲ್ಲ ಕೇಳದೆಯೇ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತರುತ್ತಿದ್ದರು. ಹನ್ನೆರಡನೆಯ ದಿನ ಮಾತ್ರೆ ಬಂತು. ಒಂದೆರಡು ವಾರದಲ್ಲಿ ಮತ್ತೆ ಎಲ್ಲ ಮೊದಲಿನ ಹಾಗಾಯಿತು.

ಅಷ್ಟರಲ್ಲಿ ನನ್ನ ಹಳೆಯ ಡಾಕ್ಟರು ಕೆಲಸದಿಂದ ನಿವೃತ್ತರಾಗಿದ್ದರು. ಅವರ ಕುರ್ಚಿಗೆ ಬಂದವರು ಘಟ್ಟದ ಮೇಲಿನ ಕಡೆಯ ಒಬ್ಬ ಹೆಣ್ಣುಮಗಳು, ಮೂವತ್ತೈದರ ಒಳಗಿನವರು. ನನ್ನ ಫೈಲು ಅವರ ಕೈಗೆ ಹೋಗಿತ್ತು. ಮುಂದಿನ ಸಲಕ್ಕೆ ಮೊದಲು ಫೋನು ಮಾಡಿದಾಗ ಕ್ಲಿನಿಕ್ಕಿನ ಹುಡುಗಿ, “ಹೊಸ ಡಾಕ್ಟ್ರು ತುಂಬ ವರ್ಷದಿಂದ ಹಾರ್ಮೋನ್ ತಗೊಳ್ಳುವವರನ್ನೆಲ್ಲ ನಿಲ್ಲಿಸಿ ನೋಡ್ತಾ ಇದ್ದಾರೆ” ಎಂದಳು.

ಒಂದು ವಾರ ನಾನು ಮಾತು ಜೋಡಿಸಿದೆ. ಕಾರಿನಲ್ಲಿ ಒಬ್ಬಳೇ ಇರುವಾಗ ಕನ್ನಡಿ ನೋಡಿಕೊಂಡು, ‘ಡಾಕ್ಟ್ರೇ, ನನಗೆ ಈ ಮಾತ್ರೆಯಿಂದ ತುಂಬ ಒಳ್ಳೆಯದಾಗಿದೆ’ ಎಂದು ಅಭ್ಯಾಸ ಮಾಡಿದೆ. ನೂರು ಜನಕ್ಕೆ ಹೆದರಬೇಡಿ ಎಂದು ಹೇಳುವವಳು ನಾನು. ಡಾಕ್ಟರ ಎದುರು ಮಾತ್ರ ನಾವೆಲ್ಲ ಕೈ ಕಟ್ಟಿ ನಿಲ್ಲುವವರೇ. ಅವರು ಕೊಟ್ಟದ್ದನ್ನು ತಿನ್ನುವುದು ಗೊತ್ತು, ಬೇಡ ಎಂದರೆ ಬಿಡುವುದು ಗೊತ್ತು, ಇದು ಬೇಕು ಎಂದು ಕೇಳುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅತ್ತೆ ಮಡಿಸಿದ ಸೀರೆ ಬಿಡಿಸುತ್ತಿದ್ದರು.

“ನೀವ್ ಎಲ್ಲಿಗ್ ಅತ್ತೆ?”

“ಬ್ರಹ್ಮಾವರಕ್ಕೆ. ನಿನ್ ಒಟ್ಟಿಗ್ ಬತ್ತೆ.”

“ನಿಮ್ಗೆ ಎಂತಕ್ಕೆ ತೊಂದ್ರಿ?”

“ತೊಂದ್ರಿ ಎಂತ? ಕಾರ್ ನೀ ಬಿಡೂದ್, ನಾ ಕೂಕಂಬೂದ್.”

ಡಾಕ್ಟರಮ್ಮ ಫೈಲಿನ ಪುಟಗಳನ್ನು ಒಂದೊಂದಾಗಿ ಓದಿದರು. ರಕ್ತದೊತ್ತಡ ನೋಡಿದರು. ಆಮೇಲೆ ಮೆತ್ತಗೆ ಹೇಳಿದರು, “ಆರು ವರ್ಷ ಆಯ್ತಲ್ಲಮ್ಮ. ಇಷ್ಟು ದೀರ್ಘ ಕಾಲ ತಗೊಂಡರೆ ಮೂಳೆ ತೆಳುವಾಗುವ ಸಾಧ್ಯತೆ ಇದೆ. ನಿಮಗೆ ನಲವತ್ತಮೂರು. ಮಕ್ಕಳು ದೊಡ್ಡವರಾಗಿದ್ದಾರೆ. ಸ್ವಲ್ಪ ದಿನ ನಿಲ್ಲಿಸಿ ನೋಡೋಣ. ನೋವು ತಿರುಗಿ ಬಂದರೆ ಆಪರೇಷನ್ ಬಗ್ಗೆ ಯೋಚನೆ ಮಾಡಬಹುದು.”

ನಾನು ಜೋಡಿಸಿದ ಮಾತೆಲ್ಲ ಮರೆತುಹೋಯಿತು. ಉಳಿದದ್ದು ಇಷ್ಟೇ: “ಈ ಮಾತ್ರೆ ಬಿಡಿಸಬೇಡಿ, ಡಾಕ್ಟ್ರೇ.”

ಅವರು ಮೇಜಿನ ಮೇಲೆ ನಾನಿಟ್ಟ ಖಾಲಿ ಶೀಟುಗಳ ಕಟ್ಟನ್ನು ಎತ್ತಿಕೊಂಡರು. ಹಳೆಯ ಡಾಕ್ಟರ ಕ್ರಮವನ್ನು ಬಿಡಬಾರದೆಂದು, ಅವರು ಕೊನೆಗೆ ಬರೆದ ಒಂಬತ್ತರಲ್ಲಿ ನನಗೆ ಉಳಿದ ಆರನ್ನು ತಂದಿದ್ದೆ. ಅದೇ ನನ್ನ ಕುತ್ತಿಗೆಗೆ ಬಂತು.

“ಬರೆದದ್ದಕ್ಕೂ ಇದಕ್ಕೂ ಮೂರು ಶೀಟು ವ್ಯತ್ಯಾಸ ಇದೆ. ಮೂವತ್ತು ದಿನ ನೀವು ತಗೊಂಡೇ ಇಲ್ಲ. ಬಿಟ್ಟೂ ಇರಲಿಕ್ಕೆ ಆಗಿದೆ ಅಂದ ಮೇಲೆ, ಇದೇ ಬೇಕು ಅಂತ ಯಾಕೆ ಹಟ?”

“ಖಾಲಿ ಶೀಟು ಎಲ್ಲೋ ಕಳೆದು ಹೋಯಿತು” ಎಂದೆ. ಬಾಯಿಗೆ ಬಂದ ಸುಳ್ಳು.

“ಮೂರೂ ಒಟ್ಟಿಗಾ?”

ಮಾತ್ರೆ ಹಂಚಿದೆ ಎಂದರೆ ಇವರು ಇನ್ನೆಂದೂ ಬರೆದುಕೊಡುವುದಿಲ್ಲ. ಹಂಚಲಿಲ್ಲ ಎಂದರೆ ನನಗೆ ಇದರ ಅಗತ್ಯವೇ ಇಲ್ಲ ಎಂದಾಗುತ್ತದೆ. ಎರಡರಲ್ಲೂ ಮಾತ್ರೆ ಕೈತಪ್ಪುವುದೇ. ಆಗ ಪಕ್ಕದ ಕುರ್ಚಿಯಿಂದ ಅತ್ತೆಯ ದನಿ.

“ಕಳ್ದ್ ಹೋದ್ದಲ್ಲ ಅಮ್ಮ. ನಾ ಕೊಡ್ಸದ್ದ್.”

“ಕೊಡಿಸಿದ್ದಾ? ಯಾರಿಗೆ?”

“ನನ್ ಮಗ್ಳ್ ಮನಿ ಒಕ್ಲ್ ಇದ್ದಿತ್ತ್.”

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಗೃಹಪ್ರವೇಶ ಎಂದು ಬಿಡಿಸಿ ಹೇಳಿದೆ. ಗೃಹಪ್ರವೇಶಕ್ಕೂ ಈ ಮಾತ್ರೆಗೂ ಏನು ಸಂಬಂಧ ಎಂದು ಅವರು. ಅತ್ತೆ ಶುರು ಮಾಡಿದರು. ಮೂವರು ಹುಡುಗಿಯರು, ಅವರ ತಾರೀಕು, ಟೈಲ್ಸಿನ ಗಡಿಬಿಡಿ, ಹಾಲು ಉಕ್ಕಿದ್ದು, ಒಂದನ್ನೂ ಬಿಡಲಿಲ್ಲ. “ಇವ್ಳ್ ಬ್ಯಾಡ ಅಂದೇ ಹೇಳೀಳ್. ನಾಕ್ ಮಾತ್ರೆ ಅಲ್ದಾ ಕೊಡ್ ಅಂದದ್ದ್ ನಾನ್. ಬೈಯ್ಕಂದ್ರೆ ನಂಗ್ ಬೈನಿ.”

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಹಾಲು ಉಕ್ಕುವಾಗ ಹುಡುಗಿ ಕಿವಿಯಲ್ಲಿ ಹೇಳಿದ್ದಕ್ಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗು ಮುಗಿದ ಮೇಲೆ ಮುಖ ಗಟ್ಟಿಯಾಯಿತು.

“ಆ ಮೂವರಲ್ಲಿ ಯಾರಾದರೂ ಗರ್ಭಿಣಿ ಆಗಿದ್ದಿದ್ದರೆ? ಯಾರಿಗಾದರೂ ಲಿವರ್ ತೊಂದರೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದಿದ್ದರೆ? ಇದು ನಿಮಗೆ ಅಂತ ನೋಡಿ ಬರೆದ ಮಾತ್ರೆ. ಎರಡು ದಿನ ತಿಂದು ಮುಟ್ಟು ಮುಂದೆ ಹಾಕುವುದಕ್ಕೆ ಇದಲ್ಲ.”

ಅಷ್ಟು ದಿನ ನಾನು ನನ್ನ ನಷ್ಟವನ್ನೇ ನೆನೆದಿದ್ದೆ ಹೊರತು ಆ ಹುಡುಗಿಯರ ಬಗ್ಗೆ ಹೀಗೆ ಒಮ್ಮೆಯೂ ಯೋಚಿಸಿರಲಿಲ್ಲ. ತಪ್ಪಾಯಿತು ಎಂದೆ. ಮನಸ್ಸಿನಿಂದಲೇ ಎಂದೆ.

“ಸರಿ, ಮಾತ್ರೆ ಇಲ್ಲದ ದಿನಗಳಲ್ಲಿ ಏನಾಯ್ತು? ಅದನ್ನ ಹೇಳಿ.”

ಅಲ್ಲಿಂದ ನನ್ನ ಬಾಯಿ ಬಿಟ್ಟಿತು. ಹನ್ನೆರಡು ದಿನ, ಒಂಬತ್ತನೆಯ ದಿನದ ಸರ್ವಿಸ್ ರಸ್ತೆ, ಏಳದ ಕಾಲು, ಸ್ಕೂಟರು, ನನ್ನನ್ನು ಮನೆಗೆ ತಂದು ಬಿಟ್ಟ ಮೀನಿನ ಅಕ್ಕ. ನನ್ನ ಕೆಲಸವೆಂದರೆ ಇನ್ನೊಬ್ಬರ ಜೀವದ ಬ್ರೇಕು ಒತ್ತುವುದು ಎಂದು ಹೇಳಿದೆ. ಆಪರೇಷನ್ನಿಗೆ ಹೆದರಿ ಅಲ್ಲ, ಒಂದು ದಿನ ಅದೇ ಬೇಕೆಂದಾದರೆ ಮಾಡಿಸುತ್ತೇನೆ, ಆದರೆ ಚೆನ್ನಾಗಿ ಕೆಲಸ ಮಾಡುತ್ತಿರುವುದನ್ನು ನಿಲ್ಲಿಸಿ ನೋವು ಬರುತ್ತದಾ ಎಂದು ಕಾಯುವುದು ನನ್ನಿಂದಾಗದು ಎಂದೆ. ಅವರು ಬರೆದುಕೊಳ್ಳುತ್ತಿದ್ದರು. ಪೆನ್ನು ನಿಲ್ಲಿಸಿ, “ಇದನ್ನ ಮೊದಲೇ ಹೇಳಬೇಕಿತ್ತಲ್ಲಮ್ಮ. ನಿಲ್ಲಿಸಿ ನೋಡುವ ಪ್ರಯೋಗ ನೀವಾಗಲೇ ಮಾಡಿ ಮುಗಿಸಿದ್ದೀರಿ” ಎಂದರು.

ಅತ್ತೆ ಇನ್ನೂ ಮುಗಿಸಿರಲಿಲ್ಲ. ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು.

“ಅಮ್ಮ, ನಂದ್ ಚೀಲ ತೆಗ್ದ್ ಮೂವತ್ತ್‌ನಾಕ್ ವರ್ಷ ಆಯ್ತ್. ತೆಗ್ದದ್ದ್ ತಪ್ಪ್ ಅಂತ ಹೇಳೂದಲ್ಲ, ರಕ್ತ ನಿಂತ್, ಜೀವ ಉಳೀತ್. ಆರೆ ಅಂದ್ ನನ್ನ್ ಯಾರೂ ಕೇಂಡಿದ್ದಿಲ್ಲೆ. ಡಾಕ್ಟ್ರ್ ಇವ್ಳ್ ಮಾವನ್ ಹತ್ರ ಮಾತಾಡ್ರ್, ಇವ್ಳ್ ಮಾವ ಹೂಂ ಅಂದ್ರ್. ನಾ ಬಾಗ್ಲ್ ಹೊರ್ಗೆ ಕೂಕಂಡಿದ್ದೆ. ನೀವ್ ಇವ್ಳನ್ನಾರೂ ಕೇಣಿ.”

ಹದಿನೆಂಟು ವರ್ಷ ಒಂದೇ ಮನೆಯಲ್ಲಿ ಉಂಡವಳು ನಾನು. ‘ನಾನ್ ತೆಗ್ಸಲಿಲ್ಯಾ’ ಎಂದು ಅವರು ಸಲೀಸಾಗಿ ಹೇಳುತ್ತಿದ್ದ ಮಾತನ್ನೇ ಕೇಳಿದ್ದೆ. ಬಾಗಿಲ ಹೊರಗೆ ಕೂತದ್ದು ನನಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಕುರ್ಚಿಯನ್ನು ಒಂಚೂರು ಅತ್ತೆಯ ಕಡೆಗೆ ಎಳೆದುಕೊಂಡರು. “ಕೇಳ್ತೇನೆ ಅಮ್ಮ” ಎಂದರು. ಆಮೇಲೆ ನನಗೆ, “ಸ್ಕ್ಯಾನ್ ಮಾಡಿಸಿ, ಮೂಳೆಯ ಸಾಂದ್ರತೆಯ ಟೆಸ್ಟ್ ಮಾಡಿಸಿ, ರಕ್ತ ಪರೀಕ್ಷೆ ಮಾಡಿಸಿ. ಎರಡು ವಾರಕ್ಕೆ ಬನ್ನಿ. ಅಲ್ಲಿಯ ತನಕ ಮಾತ್ರೆ ನಿಲ್ಲಿಸಬೇಡಿ. ರಿಪೋರ್ಟ್ ನೋಡಿ ಇಬ್ಬರೂ ಕೂತು ತೀರ್ಮಾನ ಮಾಡೋಣ.”

ಇಬ್ಬರೂ ಕೂತು. ಆ ಮಾತನ್ನು ನಾನು ವಾಪಸು ಬರುವಾಗ ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಚೀಪಿದೆ.

ಎರಡು ವಾರದ ಮೇಲೆ ರಿಪೋರ್ಟುಗಳನ್ನು ಹಿಡಿದು ಹೋದೆವು. ಹೌದು, ಅತ್ತೆ ಆಗಲೂ ಬಂದರು. ಸ್ಕ್ಯಾನಿನಲ್ಲಿ ಒಳಗಿನ ಗಂಟು ಆರು ವರ್ಷದ ಹಿಂದಿನದಕ್ಕಿಂತ ಚಿಕ್ಕದಾಗಿತ್ತು. ಮೂಳೆ ಸದ್ಯಕ್ಕೆ ಚೆನ್ನಾಗಿತ್ತು, ಡಿ ವಿಟಮಿನ್ ಮಾತ್ರ ತಳ ಕಂಡಿತ್ತು. ಡಾಕ್ಟರಮ್ಮ ಒಂದೊಂದೇ ಸಂಖ್ಯೆಯ ಮೇಲೆ ಪೆನ್ನಿಟ್ಟು ವಿವರಿಸಿದರು. ಮುಂದೆ ಮೂಳೆ ಇಳಿಯತೊಡಗಿದರೆ ಅಥವಾ ಸ್ಕ್ಯಾನ್ ಬದಲಾದರೆ ಬೇರೆ ದಾರಿ ನೋಡಬೇಕಾಗುತ್ತದೆ, ಆಗ ನೀವು ಹಟ ಮಾಡಬಾರದು ಎಂದರು. ಮಾಡುವುದಿಲ್ಲ ಎಂದೆ. ಆಮೇಲೆ ಬರೆದರು. ಅದೇ ಮಾತ್ರೆ, ದಿನಕ್ಕೊಂದು. ಜೊತೆಗೆ ಕ್ಯಾಲ್ಸಿಯಂ, ಡಿ ವಿಟಮಿನ್ನು. ಚೀಟಿಯ ಕೆಳಗೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಒಂದು ಸಾಲು: ದಿನಾ ಅರ್ಧ ಗಂಟೆ ಬಿಸಿಲಿನಲ್ಲಿ ನಡೆಯುವುದು.

“ದಿನವಿಡೀ ಕಾರಿನಲ್ಲಿ ಕೂತಿರುತ್ತೀರಿ. ಮೂಳೆ ಗಟ್ಟಿಯಾಗಬೇಕಾದರೆ ನೆಲಕ್ಕೆ ಕಾಲು ಊರಬೇಕು. ನಡೆದರೆ ಮಾತ್ರ ಈ ಮಾತ್ರೆ.”

ನಾನು ಕೈ ಮುಗಿದೆ. ಅವರು ಆ ಕೈಗೆ ಚೀಟಿ ಕೊಟ್ಟು, ಅತ್ತೆಯ ಕಡೆಗೆ ತಿರುಗಿ, “ಅಮ್ಮ, ಇವರು ನಡೀತಾರಾ ಇಲ್ವಾ ನೋಡಿಕೊಳ್ಳುವ ಜವಾಬ್ದಾರಿ ನಿಮ್ಮದು. ನಿಮ್ಮ ಮೂಳೆಗೂ ಒಳ್ಳೆಯದು” ಎಂದರು.

ಹಾಗಾಗಿ ಈಗ ದಿನಾ ಬೆಳಿಗ್ಗೆ ಮೊದಲ ಪಾಠಕ್ಕೆ ಹೊರಡುವ ಮುಂಚೆ ನಾವಿಬ್ಬರೂ ಬೀಜಾಡಿಯ ಕಡಲ ದಡದಲ್ಲಿ ನಡೆಯುತ್ತೇವೆ. ಮೊದಲ ದಿನ ಮೀನು ಒಣಗಿಸುತ್ತಿದ್ದವರು, “ಎಂತ ಅಮ್ಮ, ಅತ್ತಿ ಸೊಸಿ ಒಟ್ಟಿಗ್ ಎಲ್ಲಿಗ್ ಹೊರ್ಟದ್ದ್?” ಎಂದು ಕೇಳಿದರು. “ಎಲ್ಲಿಗೂ ಇಲ್ಲೆ. ಸುಮ್ನೆ ನಡೂದ್, ಡಾಕ್ಟ್ರ್ ಹೇಳೀರ್” ಎಂದರು ಅತ್ತೆ, ಅದೂ ಒಂದು ದೊಡ್ಡ ಹುದ್ದೆ ಎಂಬ ಹಾಗೆ.

ನಾಲ್ಕೈದು ದಿನ ಕಳೆದ ಮೇಲೆ ಕೇಳಿದೆ. ಮರಳಿನಲ್ಲಿ ನಡೆಯುವಾಗ ಮುಖ ನೋಡಬೇಕಾಗಿಲ್ಲವಲ್ಲ, ಕೇಳುವುದು ಸುಲಭ.

“ಅತ್ತೆ, ಆಪರೇಷನ್ ದಿವ್ಸ ನಿಮ್ಗೆ ಹೆದ್ರಿಕಿ ಆಯ್ಲಿಲ್ಯಾ?”

“ಆಯ್ತ್ ಮಗಾ. ಆಪ್ದಿಲ್ಯಾ?” ಎಂದರು. ಬಸ್ಸಿನಲ್ಲಿ ಹೋದದ್ದರಿಂದ ಶುರು ಮಾಡಿದರು. ಯಾವ ಸೀರೆ ಉಟ್ಟಿದ್ದರು, ಮಕ್ಕಳನ್ನು ಯಾರ ಮನೆಯಲ್ಲಿ ಬಿಟ್ಟಿದ್ದರು, ಪಕ್ಕದ ಮಂಚದ ಕೊಕ್ಕರ್ಣೆಯ ಹೆಂಗಸು ರಾತ್ರಿ ಇವರ ಕೈ ಹಿಡಿದುಕೊಂಡದ್ದು, ಎಚ್ಚರವಾದಾಗ ಬಾಯಾರಿಕೆಯಾದದ್ದು. ಅರ್ಧ ಗಂಟೆ ದಾಟಿ ಮುಕ್ಕಾಲಾಯಿತು. ಪಾಠದವರ ಫೋನು ಬರುತ್ತಿತ್ತು. ಫೋನನ್ನು ಸೈಲೆಂಟಿಗೆ ಹಾಕಿ, ಅತ್ತೆ ನಡೆಯುವಷ್ಟು ದೂರ ನಾನೂ ನಡೆದೆ.